ದಾಖಲೆ ಭದ್ರವಾಗಿದೆ, ಜೆರಾಕ್ಸ್ ಅಂಗಡಿಯಲ್ಲಿ

ತುಮಕೂರು ಜಿಲ್ಲೆಗೆ ದೊಡ್ಡದೊಂದು ಡೇಟಾ ಸೆಂಟರ್ ಬರಲಿಲ್ಲವಲ್ಲ ಎಂದು ಕೊರಗುವ ಅಭಿವೃದ್ಧಿಪ್ರಿಯರು ಒಮ್ಮೆ ಯಾವುದಾದರೂ ತಾಲ್ಲೂಕು ಕಚೇರಿ ಎದುರು ಹೋಗಿ ನಿಲ್ಲಬೇಕು. ಗುಬ್ಬಿಯಾದರೂ ಸರಿ, ಕುಣಿಗಲ್ಲಾದರೂ ಸರಿ. ಅಲ್ಲಿ ಸಾಲಾಗಿ ಕೂತಿರುವ ಜೆರಾಕ್ಸ್ ಅಂಗಡಿಗಳಿಗಿಂತ ದೊಡ್ಡ ಕ್ಲೌಡು ಈ ಸೀಮೆಯಲ್ಲಿಲ್ಲ. ಹತ್ತಡಿ ಅಗಲದ ಮಳಿಗೆ, ಒಂದು ಕಂಪ್ಯೂಟರು, ಎರಡು ಪ್ರಿಂಟರು, ಗೋಡೆಯ ಮೇಲೆ ಶಿವಕುಮಾರ ಸ್ವಾಮೀಜಿಯವರ ಪಟ. ಇಷ್ಟರೊಳಗೆ ಅರ್ಧ ತಾಲ್ಲೂಕಿನ ಆಧಾರ್, ಪ್ಯಾನ್, ಪಾಸ್‌ಬುಕ್ಕು, ಜಾತಿ-ಆದಾಯ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು, ಕ್ರಯಪತ್ರ, ಪಾಲುಪಟ್ಟಿ ಎಲ್ಲ ಬೆಚ್ಚಗೆ ಕೂತಿವೆ. ಅಮೆರಿಕದ ಕಂಪನಿಗಳು ಜನರ ಕಡತ ಸೆಳೆಯಲು ಸಾವಿರಾರು ಕೋಟಿ ಸುರಿಯುತ್ತವೆ, 15 ಜಿಬಿ ಪುಕ್ಕಟೆ ಎಂದು ಆಸೆ ತೋರಿಸುತ್ತವೆ. ನಮ್ಮ ಅಂಗಡಿಯವರಿಗೆ ಆ ರಗಳೆಯೇ ಇಲ್ಲ. ಗೋಡೆಗೆ ಒಂದು ಮೊಬೈಲ್ ನಂಬರ್ ಅಂಟಿಸಿದ್ದಾರೆ, ಅಷ್ಟೇ. ನಾವೇ ಕಳಿಸುತ್ತೇವೆ, ಕಳಿಸಿದ್ದಕ್ಕೆ ದುಡ್ಡನ್ನೂ ನಾವೇ ಕೊಡುತ್ತೇವೆ.

"ಅಣ್ಣ, ಇದು ಫೋನಲ್ಲೈತೆ. ಪ್ರಿಂಟ್ ಬೇಕಿತ್ತು."

"ಆ ನಂಬರ್‌ಗೆ ವಾಟ್ಸಾಪ್ ಮಾಡಣ್ಣ."

"ಹಾಯ್ ಅಂತ ಹಾಕಿದೀನಿ ನೋಡಿ."

"ಬಂತು ಬಂತು. ಆಧಾರು ಹಿಂದೆ ಮುಂದೆ ಎರಡೂ ಹಾಕಣ್ಣ. ಕಲರ್ರಾ, ಬ್ಲ್ಯಾಕ್ ಅಂಡ್ ವೈಟಾ?"

ಕಲರ್ ಬೇಕೋ ಬೇಡವೋ ಎಂಬ ಬಗ್ಗೆ ಆಗ ಗಂಭೀರ ಚಿಂತನೆ ನಡೆಯುತ್ತದೆ. ಎರಡು ರೂಪಾಯಿಗೂ ಹತ್ತು ರೂಪಾಯಿಗೂ ನಡುವೆ ಚೌಕಾಸಿ ನಡೆಯುತ್ತದೆ. ಪ್ರಿಂಟ್ ಕೈಗೆ ಬಂದ ಮೇಲೆ ಆ ಫೈಲು ಏನಾಯಿತು ಎಂದು ಕೇಳುವವರು ಯಾರೂ ಇಲ್ಲ. ಏನೂ ಆಗುವುದಿಲ್ಲ, ಅಲ್ಲೇ ಇರುತ್ತದೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಯಾರದೋ ಬೆಸ್ಕಾಂ ಬಿಲ್ಲು, ಅದರ ಕೆಳಗೆ ಇನ್ಯಾರದೋ ಪಾಲುಪಟ್ಟಿ, ಅದರ ಕೆಳಗೆ ಮಗಳೊಬ್ಬಳ ಜಾತಕ, ಅದಕ್ಕೂ ಕೆಳಗೆ ಯಾರೋ ಅಜ್ಜಿಯ ಸ್ಕ್ಯಾನಿಂಗ್ ರಿಪೋರ್ಟು. ನಿಮ್ಮ ಸರದಿಗೆ ಕಾಯುತ್ತ ನಿಂತರೆ ಇವೆಲ್ಲ ಪರದೆಯ ಮೇಲೆ ಸರಸರ ಹಾಯುತ್ತವೆ. ವೀಕ್ಷಣೆಗೆ ಹೆಚ್ಚುವರಿ ಶುಲ್ಕವಿಲ್ಲ.

ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಸಂಜೆಯವರೆಗೂ ನಿಂತು ದುಡಿಯುವ ಮನುಷ್ಯ ಯಾವ ಫೈಲನ್ನೂ ಕದಿಯುವುದಿಲ್ಲ. ಅಳಿಸಲು ಮಾತ್ರ ಪುರಸೊತ್ತಿಲ್ಲ. ರಾತ್ರಿ ಶಟರ್ ಎಳೆದು ಮನೆಗೆ ಹೋಗುತ್ತಾರೆ, ಊಟ ಮಾಡಿ ಮಲಗುತ್ತಾರೆ. ಅವರ ಫೋನು ಮಲಗುವುದಿಲ್ಲ. ಅದರೊಳಗಿನ ವಾಟ್ಸಾಪು ಆ ದಿನದ ಸಂದೇಶಗಳನ್ನೆಲ್ಲ ಗಂಟು ಕಟ್ಟಿ ಗೂಗಲ್ ಖಾತೆಗೆ ಬ್ಯಾಕಪ್ ಕಳಿಸುತ್ತದೆ. ಆ ಗಂಟಿಗೂ ಎನ್‌ಕ್ರಿಪ್ಷನ್ನಿನ ಬೀಗ ಹಾಕುವ ಸೌಲಭ್ಯವನ್ನು ವಾಟ್ಸಾಪ್ 2021ರಲ್ಲೇ ಕೊಟ್ಟಿದೆ. ಆದರೆ ಸೆಟ್ಟಿಂಗ್ಸಿಗೆ ಹೋಗಿ ಅದನ್ನು ನಾವೇ ಆನ್ ಮಾಡಬೇಕು. ಹೀಗಾಗಿ "ನಾನು ಗೂಗಲ್ ಡ್ರೈವ್ ಮುಟ್ಟೋನೇ ಅಲ್ಲ, ಅಮೆರಿಕದವರ ಕೈಗೆ ನನ್ನ ದಾಖಲೆ ಕೊಡಲ್ಲ" ಎಂದು ಎದೆ ತಟ್ಟುವ ಸ್ವದೇಶಿ ಸಜ್ಜನರ ಪಾಲುಪಟ್ಟಿಯೂ ಗುಬ್ಬಿ ಗೇಟ್ ದಾಟಿ ಗೂಗಲ್ಲಿನ ಉಗ್ರಾಣ ಸೇರಿರುತ್ತದೆ. ಅವರ ಖಾತೆಯಲ್ಲಿ ಅಲ್ಲ, ಜೆರಾಕ್ಸ್ ಅಂಗಡಿಯವರ ಖಾತೆಯಲ್ಲಿ.

ಖಾಸಗಿತನದ ಮಾತೆತ್ತಿದರೆ ಸಿಗುವ ಉತ್ತರ ಒಂದೇ: "ನಮ್ದೇನೈತೆ ಮುಚ್ಚಿಡಾಕೆ?" ಈ ಪ್ರಶ್ನೆ ಕೇಳುವವರ ಮನೆಯ ಬೀರುವಿನ ಕೀಲಿ ಎಲ್ಲಿದೆಯೆಂದು ಹೆಂಡತಿಗೂ ಗೊತ್ತಿರುವುದಿಲ್ಲ. ಅಟ್ಟದ ಮೇಲೆ ಎಷ್ಟು ಕ್ವಿಂಟಾಲ್ ಕೊಬ್ಬರಿ ಇದೆಯೆಂದು ಮಂಡಿಯವನಿಗೆ ಹೇಳುವುದಿಲ್ಲ. ಬೋರ್‌ವೆಲ್ಲಿನಲ್ಲಿ ಎಷ್ಟಿಂಚು ನೀರು ಬಿತ್ತೆಂದು ಪಕ್ಕದ ತೋಟದವನು ಕೇಳಿದರೆ "ಏನೋ ತೇವ ಆಗೈತೆ ಅಷ್ಟೇ" ಎನ್ನುತ್ತಾರೆ. ಅಡಿಕೆ ಕೊಟ್ಟ ರೇಟು ಬೀಗರಿಗೆ ಒಂದು, ಅಣ್ಣತಮ್ಮಂದಿರಿಗೆ ಒಂದು. ಗುಟ್ಟು ಕಾಪಾಡುವುದರಲ್ಲಿ ಗುಬ್ಬಿ ತಾಲ್ಲೂಕಿನ ತೋಟಗಾರರಿಗೆ ಯಾವ ಸ್ವಿಸ್ ಬ್ಯಾಂಕೂ ಸಮನಲ್ಲ. ಆ ಕಲೆಯೆಲ್ಲ ಫೋನು ಕೈಗೆ ಬಂದ ಕೂಡಲೇ ಮಾಯ.

ಮುಚ್ಚಿಡದಿದ್ದರೆ ಏನಾಗುತ್ತದೆಂದು ತಿಳಿಯಲು ಪಹಣಿ ನೋಡಿದರೆ ಸಾಕು. ಎರಡು ದಶಕದ ಹಿಂದೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಗ್ರಾಮಲೆಕ್ಕಿಗರ ಕೈಬರಹ ಓದುವ ಶಿಕ್ಷೆಯಿಂದ ರೈತರು ಬಿಡುಗಡೆಯಾದರು, ಒಳ್ಳೆಯದೇ ಆಯಿತು. ಜೊತೆಗೊಂದು ಬೋನಸ್ಸೂ ಬಂತು: ಸರ್ವೆ ನಂಬರ್ ಗೊತ್ತಿದ್ದರೆ ಯಾರ ಪಹಣಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಹನ್ನೊಂದನೇ ಕಾಲಂನಲ್ಲಿ ಬ್ಯಾಂಕು, ಸೊಸೈಟಿಗಳ ಸಾಲದ ನಮೂದು ಇರುತ್ತದೆ. ಈಗ ಹೆಣ್ಣಿನ ಕಡೆಯವರು ಗಂಡಿನ ಜಾತಕಕ್ಕೂ ಮೊದಲು ಹನ್ನೊಂದನೇ ಕಾಲಂ ನೋಡುತ್ತಾರೆ. ಶನಿ ಯಾವ ಮನೆಯಲ್ಲಿದ್ದರೂ ಶಾಂತಿ ಮಾಡಿಸಬಹುದು, ಸೊಸೈಟಿ ಸಾಲಕ್ಕೆ ಯಾವ ಪುರೋಹಿತರ ಬಳಿಯೂ ಪರಿಹಾರವಿಲ್ಲ.

ಕುಣಿಗಲ್ಲಿನಲ್ಲಿ ಟಿಪ್ಪು ಕಾಲದಿಂದ ಹೆಸರಾದ ಕುದುರೆ ಫಾರ್ಮ್ ಇದೆ. ರೇಸಿನ ತಳಿಯ ಕುದುರೆಮರಿ ಹುಟ್ಟಿದರೆ ಅದರ ಅಪ್ಪ ಯಾರು, ಅಜ್ಜ ಯಾರು ಎಂಬುದೆಲ್ಲ ಸ್ಟಡ್ ಬುಕ್ಕಿನಲ್ಲಿ ಶಿಸ್ತಾಗಿ ದಾಖಲಾಗುತ್ತದೆ. ಅದೇ ಊರಿನ ಮನುಷ್ಯರಿಗೆ ಪೌತಿ ಖಾತೆ ಮಾಡಿಸಲು ವಂಶವೃಕ್ಷ ಬೇಕಾದರೆ, ಮುತ್ತಜ್ಜನಿಂದ ಹಿಡಿದು ಮೊಮ್ಮಕ್ಕಳವರೆಗಿನ ಪಟ್ಟಿ, ಎಲ್ಲರ ಆಧಾರ್ ಸಮೇತ, ಮತ್ತದೇ ಗೋಡೆಯ ನಂಬರಿಗೆ ಹೋಗುತ್ತದೆ. ಕುಣಿಗಲ್ಲಿನಲ್ಲಿ ಕುದುರೆಯಾಗಿ ಹುಟ್ಟುವುದರಲ್ಲಿ ಕೆಲವು ಅನುಕೂಲಗಳಿವೆ.

ಖಾಸಗಿತನವೆಂದರೆ ವಿಲಾಯಿತಿಯವರ ಖಯಾಲಿ ಎನ್ನುವವರಿಗೆ ನಮ್ಮವರೇ ಒಬ್ಬರ ಹೆಸರು ನೆನಪಿಸಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತಾರನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಆ ವಯಸ್ಸಿನಲ್ಲಿ ನಮ್ಮ ಹಿರಿಯರು ಪಿಂಚಣಿ ನಿಲ್ಲದಂತೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಟ್ಟು ಬರುವುದೇ ಸಾಹಸ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 547 ಪುಟದ ತೀರ್ಪು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ದೇಶಕ್ಕೆಲ್ಲ ಒಂದು ಹಕ್ಕು ಗೆದ್ದುಕೊಟ್ಟ ಕನ್ನಡಿಗರ ಹೆಸರಿನಲ್ಲಿ ಒಂದು ವೃತ್ತವನ್ನಾದರೂ ಕೇಳೋಣವೆಂದರೆ, ಅದರ ಅರ್ಜಿಗೂ ಎರಡು ಸೆಟ್ ಆಧಾರ್ ಜೆರಾಕ್ಸ್ ಲಗತ್ತಿಸಬೇಕಾದೀತು.

ಸರ್ಕಾರ ಎಚ್ಚರಿಸಲೇ ಇಲ್ಲ ಎನ್ನುವಂತಿಲ್ಲ. ಎಚ್ಚರಿಸಿತ್ತು, ಎರಡು ದಿನದ ಮಟ್ಟಿಗೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯಿಂದ ಪ್ರಕಟಣೆ ಹೊರಟಿತು: ಆಧಾರ್ ನಕಲು ಪ್ರತಿಯನ್ನು ಯಾವ ಸಂಸ್ಥೆಗೂ ಕೊಡಬೇಡಿ, ದುರುಪಯೋಗವಾದೀತು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡಿದ್ದರೆ ಪೂರ್ತಿ ಅಳಿಸಿ. ಬಹಳ ವರ್ಷದ ನಂತರ ಸರ್ಕಾರಿ ಕಚೇರಿಯೊಂದು ಕನ್ನಡಿಯಲ್ಲಿ ಮುಖ ನೋಡಿಕೊಂಡ ಗಳಿಗೆ ಅದು. ದೇಶ ಗಾಬರಿಯಾಯಿತು. ಮೇ 29ರಂದು ಪ್ರಕಟಣೆಯನ್ನೇ ಹಿಂಪಡೆಯಲಾಯಿತು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದಂತೆ. ಮಾಮೂಲು ಎಚ್ಚರಿಕೆ ವಹಿಸಿದರೆ ಸಾಕಂತೆ. ಜನ ತಪ್ಪಾಗಿ ಏನೂ ಅರ್ಥ ಮಾಡಿಕೊಂಡಿರಲಿಲ್ಲ, ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು. ಸಮಸ್ಯೆಯಾದದ್ದೇ ಅದು.

ಮಾಮೂಲು ಎಚ್ಚರಿಕೆ ಎಲ್ಲಿಗೆ ತಲುಪಿಸುತ್ತದೆ ಎಂಬುದಕ್ಕೆ ಮರುವರ್ಷವೇ ಪಾಠವಾಯಿತು. 2023ರಲ್ಲಿ ರಾಜ್ಯದಲ್ಲಿ ಹಲವರ ಖಾತೆಯಿಂದ ಒಟಿಪಿಯ ಸದ್ದೂ ಇಲ್ಲದೆ ಹಣ ಹೋಗತೊಡಗಿತು. ಎಇಪಿಎಸ್ ಎಂಬ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಪೊಲೀಸರು ಜಾಡು ಹಿಡಿದು ಹೋದರೆ ಬೆರಳಚ್ಚು ಸಿಕ್ಕಿದ್ದು ಎಲ್ಲಿಂದ? ನೋಂದಣಿ ಇಲಾಖೆಯ 'ಕಾವೇರಿ' ತಾಣದಿಂದ ಇಳಿಸಿಕೊಂಡ ಕ್ರಯಪತ್ರಗಳಿಂದ. ಪತ್ರದಲ್ಲೇ ಹೆಬ್ಬೆಟ್ಟು, ಪತ್ರದಲ್ಲೇ ಆಧಾರ್ ಸಂಖ್ಯೆ. ವಂಚಕರಿಗೆ ಉಳಿದ ಕೆಲಸ ಹೆಬ್ಬೆಟ್ಟಿನ ಅಚ್ಚು ತೆಗೆಯುವುದು ಮಾತ್ರ. ಆಮೇಲೆ ಇಲಾಖೆ ಬೆರಳಚ್ಚುಗಳನ್ನು ಮರೆಮಾಡಿತು. ಎಂಆಧಾರ್ ಆ್ಯಪಿನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಎಲ್ಲರಿಗೂ ಉಪದೇಶವಾಯಿತು. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಹೆಬ್ಬೆಟ್ಟು ಕದ್ದರೆ ಉಳಿದ ಒಂಬತ್ತು ಬೆರಳಲ್ಲಿ ಜೀವನ ಸಾಗಿಸಬೇಕು.

ಕಾನೂನು ಇದೆಯಲ್ಲ ಎನ್ನುತ್ತೀರಿ. ಇದೆ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಾಡಿತು. ನಿಯಮಗಳು ಬರೆದು ಮುಗಿದದ್ದು 2025ರ ನವೆಂಬರಿನಲ್ಲಿ. ಅದರ ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಮತ್ತೆ 18 ತಿಂಗಳ ಗಡುವು. ಗರಿಷ್ಠ ದಂಡ ₹250 ಕೋಟಿ. ಎರಡು ರೂಪಾಯಿಯ ಲೆಕ್ಕದಲ್ಲಿ ನಮ್ಮ ಜೆರಾಕ್ಸ್ ಅಂಗಡಿಯವರು ಆ ದಂಡ ಕಟ್ಟಬೇಕಾದರೆ 125 ಕೋಟಿ ಪ್ರಿಂಟ್ ತೆಗೆಯಬೇಕು. ಒಂದೊಂದು ಅರ್ಜಿಗೂ ಮೂರು ಮೂರು ಸೆಟ್ ಕೇಳುವ ನಮ್ಮ ಕಚೇರಿಗಳು ಮನಸ್ಸು ಮಾಡಿದರೆ ಅದೇನೂ ಕಷ್ಟದ ಗುರಿಯಲ್ಲ.

ಡಿಜಿಲಾಕರ್ ಬಗ್ಗೆಯೂ ಒಂದು ಮಾತು. 2015ರ ಜುಲೈ 1ರಿಂದ ಇದೆ. ಅದರಲ್ಲಿ ಇಲಾಖೆಗಳೇ ನೀಡಿದ ದಾಖಲೆ ಮೂಲಪ್ರತಿಗೆ ಸಮಾನವೆಂದು ಕೇಂದ್ರದ ನಿಯಮವೇ ಹೇಳುತ್ತದೆ. ಆ ನಿಯಮವನ್ನು ಕೌಂಟರಿನ ಗುಮಾಸ್ತರಿಗೆ ಹೇಳಿ ನೋಡಿ. ಫೋನಿನಲ್ಲಿ ತೋರಿಸಿದ್ದನ್ನು ಕಣ್ಣು ಕಿರಿದು ಮಾಡಿ ನೋಡುತ್ತಾರೆ, ತಲೆ ಆಡಿಸುತ್ತಾರೆ, "ಸರಿ ಇದೆ ಸಾ. ಹೋಗಿ ಇದರದ್ದೊಂದು ಜೆರಾಕ್ಸ್ ತಗಂಬನ್ನಿ" ಎನ್ನುತ್ತಾರೆ.

ಇಷ್ಟು ಕೇಳಿದ ವಿದ್ಯಾವಂತರು, ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿ ಮನೆ ಕಟ್ಟಿಸಿದವರು, ಮುಗುಳ್ನಗುತ್ತಾರೆ. ಅವರದೆಲ್ಲ ಗೂಗಲ್ ಡ್ರೈವಿನಲ್ಲಿದೆ. ಅವರ ಸುಖಕ್ಕೆ ಭಂಗ ತರುವುದು ಒಂದೇ ಸಂದೇಶ: ಸ್ಟೋರೇಜ್ ತುಂಬಿದೆ. ಗೂಗಲ್ ಫೋಟೋಸ್ ಮೊದಲು ಎಷ್ಟು ಚಿತ್ರವಾದರೂ ಪುಕ್ಕಟೆ ಇಟ್ಟುಕೊಳ್ಳುತ್ತಿತ್ತು. ಮಗುವಿನ ನಾಮಕರಣದಿಂದ ಪಕ್ಕದ ಮನೆಯ ಗೃಹಪ್ರವೇಶದವರೆಗೆ ಎಲ್ಲವನ್ನೂ ಸುರಿದೆವು. ಬೇರೆಡೆ ಹೋಗಲಾರದಷ್ಟು ಸುರಿದಾದ ಮೇಲೆ, 2021ರ ಜೂನ್ 1ರಿಂದ, ಫೋಟೊ, ಜಿಮೇಲ್, ಡ್ರೈವ್ ಮೂರೂ ಸೇರಿ 15 ಜಿಬಿ, ಆಮೇಲೆ ತಿಂಗಳ ಬಾಡಿಗೆ ಎಂದಿತು. ಈಗ ಬೆಳಗಾಗೆದ್ದು ಗುಡ್ ಮಾರ್ನಿಂಗ್ ಚಿತ್ರಗಳನ್ನು ಒಂದೊಂದಾಗಿ ಅಳಿಸುವುದು ಮಧ್ಯಮವರ್ಗದ ಹೊಸ ಪ್ರಾಣಾಯಾಮ.

ಬಾಡಿಗೆ ಕಟ್ಟಿದರೂ ಮನೆ ನಿಮ್ಮದಲ್ಲ. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸ್ಯಾನ್ ಫ್ರಾನ್ಸಿಸ್ಕೊದ ಒಬ್ಬ ತಂದೆಯ ಕಥೆ ಬರೆಯಿತು. ಪುಟ್ಟ ಮಗನಿಗೆ ಊತ ಬಂದಿತ್ತು, ಡಾಕ್ಟರಿಗೆ ತೋರಿಸಲೆಂದು ಫೋಟೊ ತೆಗೆದಿದ್ದ. ಅದು ತಾನಾಗಿ ಗೂಗಲ್‌ಗೆ ಹೋಯಿತು, ಅಲ್ಲಿನ ಯಂತ್ರ ಅದನ್ನು ಮಕ್ಕಳ ಮೇಲಿನ ದೌರ್ಜನ್ಯವೆಂದು ಓದಿತು, ಖಾತೆ ಮುಚ್ಚಿತು. ಪೊಲೀಸರು ತನಿಖೆ ಮಾಡಿ ಅಪರಾಧವಿಲ್ಲ ಎಂದರು. ಗೂಗಲ್ ಮಾತ್ರ ಖಾತೆ ಹಿಂದಿರುಗಿಸಲಿಲ್ಲ. ಅವನ ಮೇಲ್, ಫೋಟೊ, ಫೋನ್ ನಂಬರು ಎಲ್ಲ ಹೋಯಿತು. ಪೊಲೀಸರ ಕೈಯಿಂದ ಬಿಡಿಸಿಕೊಳ್ಳಲು ನಮ್ಮಲ್ಲಿ ಪರಿಚಯದವರಾದರೂ ಸಿಗುತ್ತಾರೆ, ಗೂಗಲ್‌ಗೆ ಯಾವ ಎಮ್ಮೆಲ್ಲೆಯಿಂದ ಫೋನ್ ಮಾಡಿಸುತ್ತೀರಿ?

ಅದು ಬಿಡಿಬಿಡಿ ಮನುಷ್ಯರ ಪಾಡು ಎನ್ನಬೇಡಿ. 2025ರ ಜುಲೈನಲ್ಲಿ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಯ ಮೇಲೆ ಯುರೋಪಿನ ದಿಗ್ಬಂಧನ ಬಂತು, ಅದರಲ್ಲಿ ರಷ್ಯದ ಬಂಡವಾಳ ಇದೆಯೆಂದು. ಮೈಕ್ರೋಸಾಫ್ಟ್ ಅವರ ಸೇವೆ ನಿಲ್ಲಿಸಿತು. ದುಡ್ಡು ಕಟ್ಟಿದ್ದ ಗ್ರಾಹಕರು ತಮ್ಮದೇ ಮೇಲ್ ತೆರೆಯಲು ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು; ಅರ್ಜಿ ಬಿದ್ದ ಕೆಲವೇ ದಿನದಲ್ಲಿ ಸೇವೆ ಮರಳಿತು. ರಿಫೈನರಿಗಾದರೆ ವಕೀಲರ ಪಡೆ ಇರುತ್ತದೆ. ಕುಣಿಗಲ್ಲಿನ ಬೀಜ-ಗೊಬ್ಬರದ ಅಂಗಡಿಯ ಸಾಲದ ಲೆಕ್ಕ ಹೀಗೇ ಒಂದು ಬೆಳಿಗ್ಗೆ ತೆರೆಯದಿದ್ದರೆ, ಸಾಲ ತೆಗೆದುಕೊಂಡವರ ಸಂಭ್ರಮ ಊಹಿಸಿ.

ಅಂಥ ಸುದ್ದಿಗಳ ಬೆನ್ನಿಗೇ ದೇಶಕ್ಕೆ ಸ್ವದೇಶಿ ಮೈದುಂಬಿತು. ಸರ್ಕಾರದ ಸುಮಾರು 12 ಲಕ್ಷ ಮೇಲ್ ಖಾತೆಗಳು ಚೆನ್ನೈ ಮೂಲದ ಜೋಹೊ ವೇದಿಕೆಗೆ ಹೋದವು. ನಮ್ಮ ಕಂಪನಿ, ಸಂತೋಷ. ಬೀಗ ದೇಸಿಯಾಗಲಿ, ವಿದೇಶಿಯಾಗಲಿ, ಅದರ ಕೀಲಿ ಯಾರ ಸೊಂಟದಲ್ಲಿದೆ ಎಂಬುದಷ್ಟೇ ಕೇಳಬೇಕಾದ ಮಾತು. ನಿಮ್ಮ ಫೈಲನ್ನು ಕಂಪನಿ ಓದಬಲ್ಲದಾದರೆ ಕಂಪನಿಯ ಕೆಲಸಗಾರ ಓದಬಲ್ಲ, ಕಂಪನಿಗೆ ನೋಟಿಸು ಕೊಡುವ ಸರ್ಕಾರ ಓದಬಲ್ಲದು, ಕಂಪನಿಗೆ ಕನ್ನ ಹಾಕುವ ಕಳ್ಳನೂ ಓದಬಲ್ಲ. ಕೀಲಿ ನಿಮ್ಮೊಬ್ಬರಲ್ಲೇ ಇದ್ದರೆ ಈ ಮೂವರೂ ಮೊದಲು ನಿಮ್ಮ ಬಾಗಿಲಿಗೆ ಬರಬೇಕು. ವ್ಯತ್ಯಾಸ ಇಷ್ಟೇ.

ಅಂಥ ವ್ಯವಸ್ಥೆಗಳು ಇಲ್ಲವೇ? ಇವೆ, ಬಹುಪಾಲು ಪುಕ್ಕಟೆಯಾಗಿಯೇ ಇವೆ. ಸುಲಭದ್ದು ಕ್ರಿಪ್ಟೊಮೇಟರ್. ಕಂಪ್ಯೂಟರಿನಲ್ಲೇ ಫೈಲಿಗೆ ಬೀಗ ಹಾಕುತ್ತದೆ, ಆಮೇಲೆ ಅದನ್ನು ಗೂಗಲ್ ಡ್ರೈವಿಗೇ ಹಾಕಿ. ಗೂಗಲ್‌ಗೆ ಕಾಣುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಡ್ರೈವ್, ಫೋಟೊಗಳಿಗೆ ಭಾರತೀಯರೇ ಕಟ್ಟಿದ ಎಂಟೆ, ಇವುಗಳಲ್ಲಿ ಬೀಗ ಮೊದಲಿಂದಲೇ ಇರುತ್ತದೆ, ಕಂಪನಿಗೂ ತೆರೆಯಲಾಗದು.

ತೊಂದರೆ ಶುರುವಾಗುವುದೇ ಈ ಕೊನೆಯ ಮಾತಿನಲ್ಲಿ. ಕಂಪನಿಗೂ ತೆರೆಯಲಾಗದು ಎಂದರೆ ಪಾಸ್‌ವರ್ಡ್ ಮರೆತು ಅತ್ತರೂ ತೆರೆಯಲಾಗದು. ಅದಕ್ಕೆಂದೇ ಖಾತೆ ತೆರೆಯುವಾಗ ಹತ್ತಿಪ್ಪತ್ತು ಪದಗಳ ರಿಕವರಿ ಸಾಲೊಂದನ್ನು ಕೊಡುತ್ತಾರೆ, ಬರೆದಿಟ್ಟುಕೊಳ್ಳಿ ಎಂದು. ನಮ್ಮಲ್ಲಿ ಪಾಸ್‌ವರ್ಡ್ ಎಂದರೆ ಮಗನ ಹೆಸರು, ಮುಂದೆ 123. ಅದನ್ನೂ ಮರೆಯಬಾರದೆಂದು ಒಂಟಿಕೊಪ್ಪಲ್ ಕ್ಯಾಲೆಂಡರಿನ ಅಂಚಿನಲ್ಲಿ, ಹಾಲಿನ ಲೆಕ್ಕದ ಪಕ್ಕ ಬರೆದಿರುತ್ತೇವೆ. ವರ್ಷ ಮುಗಿದು ಕ್ಯಾಲೆಂಡರು ರದ್ದಿಗೆ ಹೋದಾಗ ಪಾಸ್‌ವರ್ಡೂ ಹೋಗುತ್ತದೆ. ರಿಕವರಿ ಸಾಲನ್ನಾದರೂ ಬೀರುವಿನಲ್ಲಿಡಿ ಎಂದರೆ, ಅದರ ಫೋಟೊ ತೆಗೆದು "ಜೋಪಾನವಾಗಿಟ್ಟಿರು" ಎಂದು ಮಗಳಿಗೆ ವಾಟ್ಸಾಪ್ ಮಾಡುತ್ತೇವೆ.

ಯಾವ ಕಂಪನಿಯೂ ಬೇಡ ಎನ್ನುವವರಿಗೆ ಸಿಂಕ್‌ಥಿಂಗ್ ಇದೆ. 2013ರಿಂದ ಇರುವ ಮುಕ್ತ ತಂತ್ರಾಂಶ. ನಿಮ್ಮ ಫೋನಿನ ಫೋಲ್ಡರನ್ನು ನಿಮ್ಮದೇ ಮನೆಯ ಕಂಪ್ಯೂಟರಿಗೆ ನೇರ ಕಳಿಸುತ್ತದೆ, ನಡುವೆ ಯಾರ ಉಗ್ರಾಣವೂ ಇಲ್ಲ. ಆಂಡ್ರಾಯ್ಡಿನ ಮೂಲ ಆ್ಯಪ್ 2024ರ ಕೊನೆಗೆ ನಿಂತುಹೋಯಿತು, ಈಗ ಸಿಂಕ್‌ಥಿಂಗ್-ಫೋರ್ಕ್ ಎಂಬುದನ್ನು ಹಾಕಿಕೊಳ್ಳಬೇಕು. ಒಂದು ಎಚ್ಚರಿಕೆ: ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅದು ನಿಷ್ಠೆಯಿಂದ ಅಳಿಸುತ್ತದೆ. ಆದ್ದರಿಂದ ಬ್ಯಾಕಪ್ ಬೇರೆಯೇ ಬೇಕು. ತಿಳಿದವರು ಹೇಳುವ ಲೆಕ್ಕ ಸರಳ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಒಂದು ಹಾರ್ಡ್ ಡಿಸ್ಕಿಗೆ ವೆರಾಕ್ರಿಪ್ಟ್‌ನಲ್ಲಿ ಬೀಗ ಹಾಕಿ ಕುಣಿಗಲ್ಲಿನ ತಂಗಿಯ ಮನೆಯಲ್ಲಿಟ್ಟರೆ ಆಯಿತು. ಭಾವ ಅದರೊಳಗೆ ಏನಿದೆಯೆಂದು ತಲೆ ಕೆಡಿಸಿಕೊಂಡು ನಿದ್ದೆಗೆಟ್ಟರೆ ಅದು ಹೆಚ್ಚುವರಿ ಲಾಭ.

ಇನ್ನು ಪೂರ್ತಿ ಸ್ವರಾಜ್ಯ ಬೇಕೆಂದರೆ ನೆಕ್ಸ್ಟ್‌ಕ್ಲೌಡ್. 2016ರಲ್ಲಿ ಫ್ರಾಂಕ್ ಕಾರ್ಲಿಚೆಕ್ ಎಂಬ ಜರ್ಮನ್ ತಂತ್ರಜ್ಞ ಶುರುಮಾಡಿದ್ದು. ಡ್ರೈವು, ಕ್ಯಾಲೆಂಡರು, ಫೋಟೊ ಎಲ್ಲ ನಿಮ್ಮದೇ ಯಂತ್ರದಲ್ಲಿ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ಎಂಬ ರಾಜ್ಯ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳನ್ನು ಮೈಕ್ರೋಸಾಫ್ಟಿನಿಂದ ಬಿಡಿಸಿ ಲಿಬ್ರೆಆಫೀಸ್, ನೆಕ್ಸ್ಟ್‌ಕ್ಲೌಡ್‌ಗಳತ್ತ ಸಾಗಿಸುವುದಾಗಿ 2024ರಲ್ಲಿ ಸಾರಿತು. ನಮ್ಮ ಮನೆಗೊಂದು ಹಾಕಲು ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಕಂಪ್ಯೂಟರ್ ಸಾಕು.

ಬೆಂಗಳೂರಿನ ಮಗ ಶನಿವಾರ ಬಂದು ಹಾಕಿಕೊಡುತ್ತಾನೆ ಎಂದಿಟ್ಟುಕೊಳ್ಳಿ. ಮೊದಲ ವಿಘ್ನ ಇಂಟರ್ನೆಟ್ಟಿನದು. ನಮ್ಮ ಎಷ್ಟೋ ಮನೆ ಸಂಪರ್ಕಗಳಿಗೆ ಸ್ವಂತ ವಿಳಾಸ ಇರುವುದಿಲ್ಲ. ಒಂದೇ ಐಪಿ ವಿಳಾಸವನ್ನು ಹತ್ತಾರು ಗ್ರಾಹಕರಿಗೆ ಹಂಚಿರುತ್ತಾರೆ, ಹೊರಗಿನಿಂದ ಬಂದು ಬಡಿಯಲು ಬಾಗಿಲೇ ಇಲ್ಲ. ಅದಕ್ಕೆ ಟೇಲ್‌ಸ್ಕೇಲ್ ಎಂಬ ಸುತ್ತುದಾರಿ ಹಾಕುತ್ತಾನೆ. ಎರಡನೆಯದು ಕರೆಂಟು. ಇದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, ಮನೆಯಲ್ಲಿ ಸಂಜೆ ಏಳಕ್ಕೆ ಕತ್ತಲು. ಅದಕ್ಕೂ ಯುಪಿಎಸ್ ತರುತ್ತಾನೆ. ಭಾನುವಾರ ರಾತ್ರಿ ಎಲ್ಲವೂ ಓಡುತ್ತದೆ, ಮಗ ಬಸ್ ಹತ್ತುತ್ತಾನೆ. ಸೋಮವಾರ ಆಫೀಸಿನಿಂದ ತೆರೆದರೆ ಏನೂ ಇಲ್ಲ. ಫೋನ್ ಮಾಡುತ್ತಾನೆ.

"ಅಮ್ಮ, ಆ ಕಂಪ್ಯೂಟರ್ ಆನ್ ಐತಾ?"

"ಇಲ್ಲ ಕಣಪ್ಪ. ಯಾರೂ ಕೂತಿರ್ಲಿಲ್ಲ, ಸುಮ್ನೆ ಗುಂಯ್ ಅಂತಿತ್ತು. ಕರೆಂಟ್ ಬಿಲ್ ಬತ್ತದೆ ಅಂತ ನಾನೇ ಆರಿಸ್ದೆ."

ಜರ್ಮನಿಯ ಸರ್ಕಾರಕ್ಕೆ ಈ ಅಮ್ಮ ಇಲ್ಲ. ಅವರ ಯಶಸ್ಸಿನ ಗುಟ್ಟು ಅದೇ ಇರಬೇಕು.

ಮಗನ ಕಥೆ ಬಂತು ಎಂದಮೇಲೆ ಅದನ್ನೂ ಹೇಳಬೇಕು. ತುಮಕೂರಿಗೆ ಎಂಜಿನಿಯರುಗಳ ಬರವಿಲ್ಲ. ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಶುರುವಾದದ್ದು 1963ರಲ್ಲಿ. ಅಂದಿನಿಂದ ವರ್ಷ ವರ್ಷ ಹೊರಬಿದ್ದವರು ಬೆಳಗಿನ ರೈಲು ಹತ್ತಿ ಡಾಬಸ್‌ಪೇಟೆ ದಾಟಿ ಬೆಂಗಳೂರಿಗೆ ಹೋಗುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಹಗಲಿಡೀ ಯಾವುದೋ ಅಮೆರಿಕದ ಬ್ಯಾಂಕಿನ ಕಡತಕ್ಕೆ ಒಂದರ ಮೇಲೊಂದು ಬೀಗ ಹಾಕುತ್ತಾರೆ; ಅವರ ಗ್ರಾಹಕರ ಒಂದು ಅಂಕಿ ಸೋರಿದರೂ ಇವರ ಕೆಲಸಕ್ಕೆ ಕುತ್ತು. ಸಂಜೆ ವಾಪಸ್ ರೈಲಿನಲ್ಲಿ ಕೂತು ಅಪ್ಪನಿಗೆ ಮೆಸೇಜ್ ಹಾಕುತ್ತಾರೆ: ಅಪ್ಪಾ, ಲೋನ್‌ಗೆ ನಿನ್ನ ಆಧಾರ್, ಪ್ಯಾನ್, ಮನೆ ಪತ್ರ ಬೇಕು, ಫೋಟೊ ಹೊಡೆದು ವಾಟ್ಸಾಪ್ ಮಾಡು. ಹತ್ತಾರು ಹುಡುಗರು ಸೇರಿ ಊರಿಗೊಂದು ಸರ್ವರ್ ನಡೆಸುವುದು, ಸಹಕಾರ ಸಂಘದ ಹಾಗೆ ಮನೆಗಿಷ್ಟು ಎಂದು ವಂತಿಗೆ ಹಾಕಿ ನೋಡಿಕೊಳ್ಳುವುದು ಕನಸೇನಲ್ಲ. ಹಾಲಿಗೆ, ಅಡಿಕೆಗೆ, ಕೊಬ್ಬರಿಗೆ ಸಂಘ ಕಟ್ಟಿದ ಜನ ನಾವು. ಆದರೆ ಸಂಘ ಎಂದ ಕೂಡಲೇ ಚುನಾವಣೆ, ಚುನಾವಣೆ ಎಂದ ಕೂಡಲೇ ಸರ್ವರಿನ ಅಧ್ಯಕ್ಷ ಸ್ಥಾನಕ್ಕೆ ಎರಡು ಬಣ. ಪಾಸ್‌ವರ್ಡ್ ಯಾವ ಬಣದ್ದಿರಬೇಕು ಎಂಬುದಕ್ಕೆ ತಡೆಯಾಜ್ಞೆ ತರುವುದರೊಳಗೆ ಹಾರ್ಡ್ ಡಿಸ್ಕು ಕೆಟ್ಟಿರುತ್ತದೆ.

ನಮಗೆ ಕೀಲಿಯ ಮಹತ್ವ ಗೊತ್ತಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಕೆನಾಲ್ ವಿರುದ್ಧ ಜನ ಬೀದಿಗಿಳಿದರು. ನಾಲೆಯ ನೀರನ್ನು ಮೇಲಿಂದಲೇ ಪೈಪಿಗೆ ತುಂಬಿಸಿ ನೇರ ಕುಣಿಗಲ್ ಕಡೆಗೆ ಒಯ್ದರೆ ನಡುವಿನ ಊರುಗಳ ಗತಿಯೇನು ಎಂಬುದು ಗುಬ್ಬಿ, ತುಮಕೂರಿನವರ ಪ್ರಶ್ನೆ. ನಮ್ಮ ಪಾಲು ಇಷ್ಟು ವರ್ಷ ತಲುಪಿಯೇ ಇಲ್ಲವಲ್ಲ ಎಂಬುದು ಕುಣಿಗಲ್ಲಿನವರ ಪ್ರಶ್ನೆ. ಮಠಾಧೀಶರು ಬಂದರು, ಶಾಸಕರು ಬಂದರು, ನಿಷೇಧಾಜ್ಞೆ ಬಂತು. ಎರಡೂ ಕಡೆಯವರ ಜಗಳದ ತಿರುಳು ಒಂದೇ: ಸಂಗ್ರಹ ಎಲ್ಲೋ ಇದೆ, ತೂಬು ತೆರೆಯುವ ಮುಚ್ಚುವ ಅಧಿಕಾರ ಯಾರಿಗೆ? ಹೇಮಾವತಿಯ ಗೊರೂರು ಅಣೆಕಟ್ಟಿನ ಬಗ್ಗೆ ಈ ಪ್ರಶ್ನೆ ಕೇಳಲು ಯಾರೂ ಕಂಪ್ಯೂಟರ್ ಸೈನ್ಸ್ ಓದಬೇಕಾಗಲಿಲ್ಲ. ಕೊನೆಯ ತೂಬಿನ ರೈತನೂ ಕೇಳಿದ, ಗೇಜಿನ ಲೆಕ್ಕ ಸಮೇತ ಕೇಳಿದ.

ಹಾಗಾಗಿ ಈ ಜಿಲ್ಲೆಯ ಮೇಲೆ ನನಗೆ ಭರವಸೆ ಇದೆ. ಮುಂದೊಂದು ದಿನ ಇಲ್ಲಿನ ಯಾವುದಾದರೂ ಹೋರಾಟ ಸಮಿತಿ ನೀರಿನಷ್ಟೇ ಆವೇಶದಿಂದ ಕಡತದ ಕೀಲಿಗೂ ಬೀದಿಗಿಳಿಯುತ್ತದೆ. ಬಿ.ಎಚ್. ರಸ್ತೆಯಲ್ಲಿ ಟ್ರಾಫಿಕ್ ನಿಲ್ಲುತ್ತದೆ, ಜಿಲ್ಲಾಧಿಕಾರಿಗಳಿಗೆ ಮನವಿ ಹೋಗುತ್ತದೆ. ಮನವಿಗೆ ಸಹಿ ಹಾಕುವವರು ಹೆಸರು, ಊರು, ಆಧಾರ್ ಸಂಖ್ಯೆ, ಫೋನ್ ನಂಬರನ್ನು ಗೂಗಲ್ ಶೀಟಿನಲ್ಲಿ ತುಂಬಬೇಕು. ಎಲ್ಲರಿಗೂ ಅನುಕೂಲವಾಗಲಿ ಎಂದು ಲಿಂಕ್ ಇದ್ದವರೆಲ್ಲ ನೋಡುವ ಹಾಗೆ, ತಿದ್ದುವ ಹಾಗೆ ಬಿಟ್ಟಿರುತ್ತಾರೆ. ಲಿಂಕಿಗಾಗಿ ಯಾರೂ ಪರದಾಡಬೇಕಿಲ್ಲ, ಎಲ್ಲ ಗ್ರೂಪಿನಲ್ಲೂ ಮೂರು ಮೂರು ಸಲ ಫಾರ್ವರ್ಡ್ ಆಗಿರುತ್ತದೆ.